ಗುಂಡುಸೂಜಿಯ ತೂತು

ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಾದಂಬರಿಗೆ ಆಯುಸ್ಸು ಕಡಿಮೆ ಎಂದು ಹೇಳುವವರಿದ್ದಾರೆ. ಕಳ್ಳ ಯಾರೆಂದು ತಿಳಿದ ಮೇಲೆ ಎರಡನೆಯ ಸಲ ಓದುವುದಕ್ಕೆ ಅದರಲ್ಲಿ ಏನು ಉಳಿದಿರುತ್ತದೆ ಎಂಬುದು ಅವರ ವಾದ. ಬಾಲ್ಯದಲ್ಲಿ ಉಸಿರು ಬಿಗಿಹಿಡಿದು ಓದಿದ ಪುಸ್ತಕಗಳನ್ನು ನಿವೃತ್ತಿಯ ಬಳಿಕ ಮತ್ತೆ ತೆರೆದು ನೋಡಿದವರಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ ಎಂದೇ ಅನ್ನಿಸುತ್ತದೆ. ಸುರಂಗ, ನಿಧಿ, ಕಡಲತಡಿಯ ಗುಹೆ, ಕತ್ತಲಲ್ಲಿ ದೀಪದ ಸನ್ನೆ – ಇವೆಲ್ಲ ಒಮ್ಮೆ ಉರಿದು ಆರಿದ ಮತಾಪುಗಳು. ಆದರೆ ನನ್ನ ಅನುಭವದಲ್ಲಿ ಈ ಮಾತಿಗೆ ಒಂದು ಗಟ್ಟಿಯಾದ ಅಪವಾದವಿದೆ. ಅದು ಜರ್ಮನಿಯ ಎರಿಶ್ ಕೆಸ್ಟ್ನರ್ ಅವರು ಬರೆದ, ೧೯೨೯ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ 'ಎಮಿಲ್ ಮತ್ತು ಪತ್ತೇದಾರರು' ಎಂಬ ಚಿಕ್ಕ ಕಾದಂಬರಿ.

ಈ ಪುಸ್ತಕದ ಒಂದು ವಿಶೇಷವನ್ನು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕಳ್ಳ ಯಾರೆಂಬುದು ರಹಸ್ಯವೇ ಅಲ್ಲ. ಕಥೆಯ ಆರಂಭದ ಭಾಗದಲ್ಲಿಯೇ ಅದು ಎಮಿಲನಿಗೂ ಗೊತ್ತಾಗುತ್ತದೆ, ಓದುಗನಿಗೂ ಗೊತ್ತಾಗುತ್ತದೆ. ಗೊತ್ತಿದ್ದುದನ್ನು ಇತರರು ಒಪ್ಪುವಂತೆ ತೋರಿಸಿಕೊಡುವುದು ಹೇಗೆ ಎಂಬುದೊಂದೇ ಕಾದಂಬರಿಯ ಸಮಸ್ಯೆ. ಈ ಪುಸ್ತಕ ಹಳತಾಗದೆ ಉಳಿದಿರುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

ಓದದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಮಿಲ್ ಟಿಶ್‌ಬೈನ್ ಸಣ್ಣ ಊರಿನ ಹುಡುಗ. ತಂದೆ ತೀರಿಕೊಂಡಿದ್ದಾರೆ. ತಾಯಿ ಮನೆಯಲ್ಲಿಯೇ ಹೆಂಗಸರ ತಲೆ ತೊಳೆದು, ಕೂದಲು ಓರಣಗೊಳಿಸಿ ಸಂಪಾದಿಸುತ್ತಾಳೆ. ರಜೆಯಲ್ಲಿ ಎಮಿಲ್ ಬರ್ಲಿನ್ನಿನ ಅಜ್ಜಿಯ ಮನೆಗೆ ಒಬ್ಬನೇ ರೈಲಿನಲ್ಲಿ ಹೊರಡುತ್ತಾನೆ. ತಾಯಿ ಅವನ ಕೈಗೆ ೧೪೦ ಮಾರ್ಕ್ ಕೊಡುತ್ತಾಳೆ. ಅದರಲ್ಲಿ ೧೨೦ ಅಜ್ಜಿಗೆ, ೨೦ ಅವನ ಖರ್ಚಿಗೆ. ಒಂದು ನೂರರ ನೋಟು, ಎರಡು ಇಪ್ಪತ್ತರ ನೋಟು. ಜೋಪಾನವಾಗಿರಲಿ ಎಂದು ಹುಡುಗ ರೈಲಿನಲ್ಲಿ ಆ ನೋಟುಗಳನ್ನು ಲಕೋಟೆಯ ಸಮೇತ ಕೋಟಿನ ಒಳಜೇಬಿಗೆ ಗುಂಡುಸೂಜಿಯಿಂದ ಚುಚ್ಚಿಟ್ಟುಕೊಳ್ಳುತ್ತಾನೆ. ಡಬ್ಬಿಯಲ್ಲಿ ಉಳಿದವನು ಗ್ರುಂಡೈಸ್ ಎಂಬ ಟೋಪಿಧಾರಿ ಒಬ್ಬನೇ. ಅವನು ಚಾಕಲೇಟು ಕೊಡುತ್ತಾನೆ, ಬರ್ಲಿನ್ನಿನ ಬಗ್ಗೆ ಬೊಗಳೆ ಹೊಡೆಯುತ್ತಾನೆ. ಎಮಿಲ್ ನಿದ್ದೆಹೋಗುತ್ತಾನೆ. ಎಚ್ಚರವಾದಾಗ ಹಣವೂ ಇಲ್ಲ, ಆ ಮನುಷ್ಯನೂ ಇಲ್ಲ. ಮುಂದಿನ ನಿಲ್ದಾಣದಲ್ಲಿ ಟೋಪಿಯನ್ನು ಕಂಡವನೇ ಎಮಿಲ್ ಇಳಿದು ಹಿಂಬಾಲಿಸುತ್ತಾನೆ. ಕಾರಿನ ಹಾರ್ನ್ ಒಂದನ್ನು ಸದಾ ಜೊತೆಗಿಟ್ಟುಕೊಂಡಿರುವ ಗುಸ್ತಾವ್ ಎಂಬ ಬೀದಿಯ ಹುಡುಗ ಎದುರಾಗುತ್ತಾನೆ. ಅವನ ಮೂಲಕ ಹುಡುಗರ ದಂಡೊಂದು ಕೂಡಿಕೊಳ್ಳುತ್ತದೆ. ಮರುದಿನ ಬೆಳಗ್ಗೆ ನೂರಾರು ಮಕ್ಕಳು ಕಳ್ಳನನ್ನು ಸುತ್ತುವರಿದು ನಡೆಯುತ್ತಾರೆ. ಅವನು ಬ್ಯಾಂಕಿಗೆ ನುಗ್ಗಿ ನೋಟು ಬದಲಿಸಲು ಯತ್ನಿಸಿದಾಗ ಸಿಕ್ಕಿಬೀಳುತ್ತಾನೆ.

ಉಪಾಧ್ಯಾಯನಾಗಿದ್ದ ವರ್ಷಗಳಲ್ಲಿ, ಯಾರಾದರೂ ಸಹೋದ್ಯೋಗಿ ರಜೆ ಹಾಕಿ ನಾನು ಬದಲಿಯಾಗಿ ತರಗತಿಗೆ ಹೋಗಬೇಕಾಗಿ ಬಂದಾಗಲೆಲ್ಲ ಈ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ೧೯೫೯ರಲ್ಲಿ ಐಲೀನ್ ಹಾಲ್ ಅವರು ಮಾಡಿದ ಇಂಗ್ಲಿಷ್ ಅನುವಾದವೇ ನನಗೆ ಆಧಾರ. ಬೇರೆ ಬೇರೆ ಕಾಲದ ಮಕ್ಕಳು ಒಂದೇ ಕಥೆಗೆ ಕೇಳಿದ ಪ್ರಶ್ನೆಗಳನ್ನು ನೆನೆದರೆ ಪುಸ್ತಕ ಎಷ್ಟು ಗಟ್ಟಿ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲ ವರ್ಷಗಳ ಮಕ್ಕಳಿಗೆ ಹಣದ ಸಂಗತಿ ಕೂಡಲೇ ಅರ್ಥವಾಗುತ್ತಿತ್ತು. ನಮ್ಮ ಕರಾವಳಿಯಿಂದ ಮುಂಬಯಿಯ ಹೋಟೆಲುಗಳಿಗೆ ಮೀಸೆ ಮೂಡದ ಹುಡುಗರು ಹೊರಟುಹೋಗುತ್ತಿದ್ದ ಕಾಲದ ನೆನಪು ಆಗಿನ್ನೂ ಮನೆಮನೆಯಲ್ಲಿ ಹಸಿಯಾಗಿತ್ತು. ಮೊದಲು ಹಡಗಿನಲ್ಲಿ, ಅನಂತರ ಬಸ್ಸಿನಲ್ಲಿ, ೧೯೯೮ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ನಮ್ಮ ಕಡಿಯಾಳಿಗೆ ಕೂಗಳತೆಯಲ್ಲಿರುವ ಇಂದ್ರಾಳಿಯ ನಿಲ್ದಾಣದಿಂದ. ಆ ಹುಡುಗರಿಗೆ ತಾಯಂದಿರು ಚಡ್ಡಿಯ ಒಳಮಗ್ಗುಲಲ್ಲಿ ಜೇಬು ಹೊಲಿದು, ನೋಟು ಮಡಚಿಟ್ಟು, ಬಾಯಿ ಹೊಲಿದುಬಿಡುತ್ತಿದ್ದರು. ಮುಂಬಯಿಯಲ್ಲಿ ಅಂಥ ಮಕ್ಕಳಿಗಾಗಿ ನಮ್ಮವರೇ ರಾತ್ರಿಶಾಲೆಗಳನ್ನು ನಡೆಸಿದರು. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಹೆಸರನ್ನು ಇಲ್ಲಿ ನೆನೆಯಬೇಕು. ಇಂಥ ಊರಿನ ಮಕ್ಕಳಿಗೆ ಎಮಿಲನ ಗುಂಡುಸೂಜಿಯನ್ನು ವಿವರಿಸುವ ಅಗತ್ಯವೇ ಇರಲಿಲ್ಲ. "ಹೊಲಿಯಬೇಕಿತ್ತು ಮಾಷ್ಟ್ರೇ, ಸೂಜಿ ಚುಚ್ಚಿದರೆ ಎಂತ ಉಳೀತದೆ?" ಎಂದು ಒಬ್ಬ ಹುಡುಗ ತೀರ್ಪು ಕೊಟ್ಟಿದ್ದ.

ಕೆಸ್ಟ್ನರ್ ಅವರು ೧೪೦ ಮಾರ್ಕಿನ ಬೆಲೆಯನ್ನು ಬಹಳ ಸರಳವಾಗಿ ತಿಳಿಸಿಕೊಡುತ್ತಾರೆ. ವಾರಕ್ಕೆ ೩೫ ಮಾರ್ಕ್ ದುಡಿಯುವವರಿಗೆ ಅದು ದೊಡ್ಡ ಮೊತ್ತ. ಗುಣಿಸಿ ನೋಡಿದರೆ ನಾಲ್ಕು ವಾರಗಳ ಇಡೀ ಸಂಪಾದನೆ. ಹೆಚ್ಚಿನ ಪತ್ತೇದಾರಿ ಕಥೆಗಳಲ್ಲಿ ಕಳವಾಗುವುದು ರತ್ನಹಾರ, ಪುರಾತನ ವಿಗ್ರಹ, ರಹಸ್ಯ ದಾಖಲೆ. ಓದುವ ಮಗುವಿಗೆ ಅವು ಕಳೆದುಹೋದರೆ ನೋವಾಗುವುದಿಲ್ಲ, ಕುತೂಹಲ ಮಾತ್ರ ಆಗುತ್ತದೆ. ಇಲ್ಲಿ ಕಳವಾದದ್ದು ತಾಯಿಯ ಬೆನ್ನುನೋವು. ಲೇಖಕರ ಸ್ವಂತ ತಾಯಿಯೂ ಕೇಶಾಲಂಕಾರದ ಕೆಲಸದಿಂದಲೇ ಮಗನನ್ನು ಓದಿಸಿದವಳು ಎಂಬುದನ್ನು ತಿಳಿದರೆ ಈ ಪುಟಗಳ ಬಿಸಿ ಎಲ್ಲಿಂದ ಬಂದಿತೆಂದು ಗೊತ್ತಾಗುತ್ತದೆ.

ಎಲ್ಲ ಕಾಲದ ಮಕ್ಕಳೂ ತಪ್ಪದೆ ಕೇಳಿದ ಪ್ರಶ್ನೆ ಇನ್ನೊಂದು: "ಅವ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?" ಸಾಮಾನ್ಯ ಮಕ್ಕಳ ಪತ್ತೇದಾರಿಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಪೊಲೀಸರು ದಡ್ಡರು, ಮಕ್ಕಳು ಜಾಣರು, ಅಷ್ಟೆ. ಕೆಸ್ಟ್ನರ್ ಒಂದು ಕಾರಣವನ್ನು ಕೊಟ್ಟಿದ್ದಾರೆ. ಎಮಿಲ್ ತನ್ನ ಊರಿನ ಚೌಕದಲ್ಲಿರುವ ರಾಜಪ್ರತಿಮೆಯ ಮುಖಕ್ಕೆ ಗೆಳೆಯರೊಡನೆ ಸೇರಿ ಕೆಂಪು ಮೂಗು, ಕಪ್ಪು ಮೀಸೆ ಬರೆದವನು. ಆ ಪುಟ್ಟ ತಂಟೆ ಅವನ ಎದೆಯಲ್ಲಿ ಮಹಾಪರಾಧವಾಗಿ ಕೂತಿದೆ. ಪೊಲೀಸಿನವನನ್ನು ಕಂಡರೆ ಹಣ ಕಳಕೊಂಡ ತಾನೇ ಕೈದಿಯಾಗುವೆನೆಂಬ ಹೆದರಿಕೆ. ಬಡವರ ಮನೆಯ ಮಕ್ಕಳು ಇದನ್ನು ಕೇಳಿ ನಗುತ್ತಿರಲಿಲ್ಲ, ತಲೆಯಾಡಿಸುತ್ತಿದ್ದರು. ಠಾಣೆಯ ಮೆಟ್ಟಲನ್ನು ಹತ್ತುವುದಕ್ಕೆ ದೂರುಗಾರನೇ ಅಂಜುವ ಸ್ಥಿತಿ ನಮ್ಮಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ.

ಇನ್ನು ಲೇಖಕರು ಈ ಕಥೆಗೆ ಬಂದ ದಾರಿ. ಪುಸ್ತಕದ ಮುನ್ನುಡಿಯ ಭಾಗದಲ್ಲಿ ಅವರು ತಾನು ದಕ್ಷಿಣ ಸಮುದ್ರದ ಕಾಡುಗಳ ಬಗ್ಗೆ ಒಂದು ಸಾಹಸಕಥೆ ಬರೆಯಲು ಹೊರಟು ನಡುವೆ ಸಿಕ್ಕಿಕೊಂಡ ಪ್ರಸಂಗವನ್ನು ತಮಾಷೆಯಾಗಿ ಹೇಳಿಕೊಳ್ಳುತ್ತಾರೆ. ಕಂಡರಿಯದ ದೇಶದ ಬಗ್ಗೆ ಬರೆಯುವ ಬದಲು ಕಂಡ ಊರಿನ ಬಗ್ಗೆ ಬರೆಯಬಾರದೇ ಎಂದು ಅವರಿಗೆ ಬುದ್ಧಿ ಹೇಳುವವನು ಒಬ್ಬ ಹೋಟೆಲಿನ ಮಾಣಿ. ಉಡುಪಿಯವರಾದ ನಮಗೆ ಈ ಮಾತು ವಿಶೇಷ ಸಂತೋಷ ಕೊಡಬೇಕು! ಹೀಗೆ ಟ್ರಾಮು, ಟ್ಯಾಕ್ಸಿ, ಕಾಫಿ ಅಂಗಡಿ, ದೂರವಾಣಿ, ಬ್ಯಾಂಕು ಇವುಗಳಿಂದ ಕೂಡಿದ ನಿಜವಾದ ನಗರ ಮಕ್ಕಳ ಪುಸ್ತಕದೊಳಕ್ಕೆ ಬಂದಿತು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ನಮ್ಮ ಕರಾವಳಿ ಮಕ್ಕಳ ಸಾಹಿತ್ಯಕ್ಕೆ ಕೊಟ್ಟ ಕೊಡುಗೆ ಸಣ್ಣದಲ್ಲ. ಪಂಜೆ ಮಂಗೇಶರಾಯರು (೧೮೭೪–೧೯೩೭) ಮಕ್ಕಳ ಕಿವಿಗೆ ಒಪ್ಪುವ ಕನ್ನಡವನ್ನು ಕಟ್ಟಿಕೊಟ್ಟರು. ಕೋಟದ ಶಿವರಾಮ ಕಾರಂತರು ೧೯೩೬ರಲ್ಲಿಯೇ 'ಬಾಲ ಪ್ರಪಂಚ'ದ ಸಂಪುಟಗಳ ಮೂಲಕ ಜಗತ್ತಿನ ಜ್ಞಾನವನ್ನು ಮಕ್ಕಳ ಮುಂದಿಟ್ಟರು. ಆದರೆ ಪತ್ತೇದಾರಿಯ ರುಚಿ ಹತ್ತಿದ ಹುಡುಗರು ಹೋಗುತ್ತಿದ್ದುದು ಬಾಡಿಗೆ ಪುಸ್ತಕದ ಅಂಗಡಿಗೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬಳಿಗೆ. ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಅವನ್ನು ಓದಿದವರು ನನ್ನ ತಲೆಮಾರಿನಲ್ಲಿ ಅನೇಕರು. ಲಕ್ಷಾಂತರ ಜನರಿಗೆ ಕನ್ನಡ ಓದುವ ಚಟ ಹತ್ತಿಸಿದ ಆ ಪುಸ್ತಕಗಳ ಉಪಕಾರವನ್ನು ನಾನು ಮರೆಯಲಾರೆ. ಆದರೂ ಅಲ್ಲಿ ಪತ್ತೆ ಹಚ್ಚುವವನು ಬಲಶಾಲಿಯಾದ ದೊಡ್ಡ ಮನುಷ್ಯ. ಓದುವ ಹುಡುಗನಿಗೆ ಬೆರಗಾಗುವ ಕೆಲಸ ಮಾತ್ರ. ರಥಬೀದಿಯ ಸುತ್ತ, ಬಸ್ ನಿಲ್ದಾಣದಲ್ಲಿ, ಮಲ್ಪೆಯ ದಕ್ಕೆಯಲ್ಲಿ ಮಕ್ಕಳೇ ಬುದ್ಧಿ ಓಡಿಸುವ ಕಥೆಗಳು ನಮ್ಮಲ್ಲಿ ಇನ್ನಷ್ಟು ಬರಬೇಕಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೂರಾರು ಮಂದಿ ಒಬ್ಬ ಅಪರಿಚಿತನನ್ನು ಸುತ್ತುವರಿಯುವ ದೃಶ್ಯ ನನಗೆ ಮೊದಲಿನ ಓದುಗಳಲ್ಲಿ ಹಬ್ಬದ ಮೆರವಣಿಗೆಯಂತೆ ಕಂಡಿತ್ತು. ಈಗ ಹಾಗೆ ಓದಲಾಗುವುದಿಲ್ಲ. ೨೦೧೮ರ ಜುಲೈಯಲ್ಲಿ ನಮ್ಮದೇ ರಾಜ್ಯದ ಬೀದರ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದರು. ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಜನ ಅಡ್ಡಗಟ್ಟಿ ಹೊಡೆದರು. ಯುವ ಎಂಜಿನಿಯರನೊಬ್ಬ ಪ್ರಾಣ ಕಳಕೊಂಡ. ಆ ಎರಡು ವರ್ಷಗಳಲ್ಲಿ ದೇಶದ ಬೇರೆ ಬೇರೆ ಕಡೆಗಳಲ್ಲಿ ಇಂಥ ಹತ್ಯೆಗಳು ನಡೆದವು. ಅಪರಿಚಿತ, ಚಾಕಲೇಟು, ಸಂಶಯ, ಸುತ್ತುವರಿದ ಗುಂಪು – ಎಮಿಲನ ಕಥೆಯಲ್ಲಿರುವ ಪರಿಕರಗಳೇ ಇಲ್ಲಿಯೂ ಇವೆ. ಹಾಗಾದರೆ ಮಕ್ಕಳಿಗೆ ನಾವು ಓದಿಸುತ್ತಿರುವುದು ಗುಂಪುಗೂಡಿ ಹಿಡಿಯುವ ಪಾಠವನ್ನೇ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕವನ್ನು ಮತ್ತೆ ಓದಿದೆ. ಓದಿದ ಮೇಲೆ ಅದರ ಬಗ್ಗೆ ಗೌರವ ಹೆಚ್ಚಾಯಿತು. ಹುಡುಗರು ಮೊದಲು ಕೂತು ಚರ್ಚಿಸುತ್ತಾರೆ. ಕಳ್ಳ ಮಲಗಿರುವಾಗ ಹಣವನ್ನು ಮೆಲ್ಲಗೆ ಎತ್ತಿಕೊಂಡು ಬಂದರಾಗದೇ ಎಂದು ಸೂಚನೆ ಬರುತ್ತದೆ. ಆಗ 'ಪ್ರೊಫೆಸರ್' ಎಂಬ ಅಡ್ಡಹೆಸರಿನ ಹುಡುಗ, ಗುಟ್ಟಾಗಿ ತೆಗೆದುಕೊಂಡರೆ ನಾವೂ ಕಳ್ಳರೇ, ಆ ವಸ್ತು ಮೊದಲು ಯಾರದ್ದಾಗಿತ್ತೆಂಬುದು ಮುಖ್ಯವಲ್ಲ ಎಂಬರ್ಥದ ಮಾತನಾಡುತ್ತಾನೆ. ಎಲ್ಲರೂ ಒಪ್ಪುತ್ತಾರೆಂದಲ್ಲ, ಅರ್ಥವಾಗದೆ ಗೊಣಗುವವರಿದ್ದಾರೆ, ಮುಷ್ಟಿಗೆ ಆತುರಪಡುವ ಗುಸ್ತಾವನಿದ್ದಾನೆ. ಆದರೂ ದಂಡು ಕಾಯುತ್ತದೆ. ರಾತ್ರಿಯಿಡೀ ಕಾಯುತ್ತದೆ. ಮರುದಿನವೂ ಕಳ್ಳನ ಜೊತೆಜೊತೆಗೆ ನಡೆಯುತ್ತದೆಯೇ ಹೊರತು ಅವನ ಮೈಮುಟ್ಟುವುದಿಲ್ಲ.

ಅನಂತರ ಬ್ಯಾಂಕಿನ ಪ್ರಸಂಗ. ಎಮಿಲ್ ಹಣ ತನ್ನದೆನ್ನುತ್ತಾನೆ, ಗ್ರುಂಡೈಸ್ ತನ್ನದೆನ್ನುತ್ತಾನೆ. ಬ್ಯಾಂಕಿನವರು ಯಾರನ್ನು ನಂಬಬೇಕು? ಬಾಗಿಲಲ್ಲಿ ಕಿಕ್ಕಿರಿದ ಮಕ್ಕಳ ಕೂಗು ಪ್ರಮಾಣವಾಗಲಾರದು. ಎಮಿಲನ ಕಣ್ಣೀರೂ ಪ್ರಮಾಣವಲ್ಲ. ಆ ಗಳಿಗೆಯಲ್ಲಿ ಅವನಿಗೆ ಗುಂಡುಸೂಜಿಯ ನೆನಪಾಗುತ್ತದೆ. ನೋಟುಗಳನ್ನು ಬೆಳಕಿಗೆ ಹಿಡಿದರೆ ಅವುಗಳಲ್ಲಿ ಸಣ್ಣ ತೂತುಗಳು. ಕಳ್ಳ ಓಡಲೆತ್ನಿಸಿದಾಗ ಮಕ್ಕಳು ಅವನ ಕೈಕಾಲಿಗೆ ಜೋತುಬಿದ್ದು ತಡೆಯುತ್ತಾರೆ, ಪೊಲೀಸಿನವನ ಕೈಗೊಪ್ಪಿಸುತ್ತಾರೆ. ಠಾಣೆಯಲ್ಲಿ ಆತನ ನಿಜವಾದ ಹೆಸರೇ ಬೇರೆಯೆಂದು ತಿಳಿಯುತ್ತದೆ.

ಕೂದಲೆಳೆಯಷ್ಟು ಸಣ್ಣ ಆ ತೂತಿನಲ್ಲಿ ನ್ಯಾಯದ ವಿವೇಕವೆಲ್ಲ ಅಡಗಿದೆ ಎಂದು ನನಗೆ ತೋರುತ್ತದೆ. ಓದುಗರಾದ ನಮಗೆ ಕಳ್ಳ ಯಾರೆಂದು ಮೊದಲೇ ಗೊತ್ತಿದ್ದರೂ ಲೇಖಕರು ನಮ್ಮನ್ನು ಪ್ರಮಾಣ ಸಿಗುವ ತನಕ ಕಾಯಿಸುತ್ತಾರೆ. ಗೊತ್ತಿರುವುದೂ ತೋರಿಸಿಕೊಡಲು ಸಾಧ್ಯವಾಗುವುದೂ ಎರಡು ಬೇರೆ ಸಂಗತಿಗಳು ಎಂಬುದನ್ನು ಹತ್ತು ವರ್ಷದ ಮಗುವಿಗೆ ಇಷ್ಟು ಸುಲಭವಾಗಿ ತಿಳಿಸುವ ಮತ್ತೊಂದು ಪುಸ್ತಕ ನನ್ನ ಓದಿನಲ್ಲಿಲ್ಲ. ಮುರ್ಕಿಯಂಥ ಕಡೆ ನಡೆದ ದುರಂತಗಳಲ್ಲಿ ಗುಂಪಿಗೆ ಎಲ್ಲವೂ ಗೊತ್ತಿತ್ತು. ತೂತನ್ನು ಹುಡುಕುವ ತಾಳ್ಮೆಯಿರಲಿಲ್ಲ.

ಹಾಗೆಂದು ಪುಸ್ತಕದಲ್ಲಿ ಕುಂದುಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಎಮಿಲನ ಸೋದರಸಂಬಂಧಿ ಪೋನಿ ಎಂಬ ಹುಡುಗಿ ಚುರುಕು, ಬಾಯಾಳಿ, ಸೈಕಲ್ಲಿನಲ್ಲಿ ನಗರ ಸುತ್ತುವವಳು. ಇಷ್ಟಿದ್ದೂ ಲೇಖಕರು ಅವಳಿಗೆ ವಹಿಸುವ ಮುಖ್ಯ ಕೆಲಸ ಹುಡುಗರಿಗೆ ಕಾಫಿ ಮತ್ತು ತಿಂಡಿ ತಂದುಕೊಡುವುದು, ಉಪಚಾರ ಮಾಡುವುದು. ಆಮೇಲಿನ ವರ್ಷಗಳಲ್ಲಿ ಹೆಣ್ಣುಮಕ್ಕಳು ನನ್ನ ತರಗತಿಯಲ್ಲಿ ಈ ಭಾಗಕ್ಕೆ ಮುಖ ಸಿಂಡರಿಸುತ್ತಿದ್ದರು, ಅದು ನ್ಯಾಯವೇ. ೨೦೦೧ರಲ್ಲಿ ಜರ್ಮನಿಯಲ್ಲಿ ತಯಾರಾದ ಚಲನಚಿತ್ರದಲ್ಲಿ ಪೋನಿಯನ್ನೇ ದಂಡಿನ ನಾಯಕಿಯನ್ನಾಗಿ ಮಾಡಿದ್ದಾರೆ. ಎರಡನೆಯ ಕುಂದು, ಗ್ರುಂಡೈಸ್ ಪೊಲೀಸರು ಹುಡುಕುತ್ತಿದ್ದ ಬ್ಯಾಂಕ್ ದರೋಡೆಗಾರನೇ ಆಗಿಬಿಡುವುದು, ಎಮಿಲನಿಗೆ ೧೦೦೦ ಮಾರ್ಕ್ ಬಹುಮಾನ ಸಿಗುವುದು. ಮಕ್ಕಳಿಗೆ ಖುಷಿಯಾಗುತ್ತದೆ ನಿಜ. ಆದರೆ ತಾಯಿಯ ೧೪೦ ಮಾರ್ಕಿಗಿದ್ದ ತೂಕ ಆ ಸಾವಿರದ ಪಕ್ಕದಲ್ಲಿ ಸ್ವಲ್ಪ ಇಳಿದುಹೋಗುತ್ತದೆ. ಕಳ್ಳನೂ ಬಡವನಾಗಿದ್ದರೆ ಮಕ್ಕಳು ಏನು ಮಾಡುತ್ತಿದ್ದರು ಎಂಬ ಕಷ್ಟದ ಪ್ರಶ್ನೆಯನ್ನು ಲೇಖಕರು ಬದಿಗೆ ಸರಿಸಿಬಿಟ್ಟರು.

ಹಳೆಯ ಮಕ್ಕಳ ಪುಸ್ತಕಗಳನ್ನು ಈ ಕಾಲಕ್ಕೆ ಹೊಂದುವಂತೆ ತಿದ್ದಬೇಕೇ ಎಂಬ ಚರ್ಚೆಯೂ ನಡೆಯುತ್ತದೆ. ನಮ್ಮ ಇಂಗ್ಲಿಷ್ ಮಾಧ್ಯಮದ ಮಕ್ಕಳು ಹೆಚ್ಚಾಗಿ ಓದುವ ಎನಿಡ್ ಬ್ಲೈಟನ್ ಅವರ 'ಫೇಮಸ್ ಫೈವ್' ಸರಣಿಯ ಭಾಷೆಯನ್ನು ೨೦೧೦ರಲ್ಲಿ ಪ್ರಕಾಶಕರು ಹೊಸದಾಗಿ ತಿದ್ದಿದರು. ಓದುಗರಿಗೆ ಅದು ಹಿಡಿಸದೆ ೨೦೧೬ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. ೧೯೪೨ರಲ್ಲಿ ಆರಂಭವಾದ ಆ ಸರಣಿಯ ತೊಂದರೆ ಹಳೆಯ ಪದಗಳದ್ದಲ್ಲ ಎಂದು ನನ್ನ ಭಾವನೆ. ಅಲ್ಲಿಯ ಮಕ್ಕಳಿಗೆ ಕಳಕೊಳ್ಳುವುದಕ್ಕೆ ಏನೂ ಇಲ್ಲ. ರಜೆ ಮುಗಿಯುವಾಗ ಸಾಹಸವೂ ಮುಗಿಯುತ್ತದೆ, ಮನೆಯಲ್ಲಿ ಅಡುಗೆಯವಳು ತಿಂಡಿ ಸಿದ್ಧಮಾಡಿ ಇಟ್ಟಿರುತ್ತಾಳೆ. ಪೋನಿಯ ವಿಷಯದಲ್ಲಿಯೂ ನಾನು ಪುಸ್ತಕವನ್ನು ತಿದ್ದೆಂದು ಹೇಳಲಾರೆ. ಅದು ಸರಿಯೇ ಎಂದು ಮಕ್ಕಳನ್ನೇ ಕೇಳಿದರೆ ಸಾಕು, ಅವರು ನಮಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ.

ಈ ಪುಸ್ತಕದ ಹಿಂದೆ ಇನ್ನೊಂದು ಕಥೆಯಿದೆ, ಅದನ್ನು ದೊಡ್ಡವರು ತಿಳಿದಿರಬೇಕು. ಪುಸ್ತಕ ಹೊರಬಂದು ನಾಲ್ಕು ವರ್ಷಗಳೊಳಗೆ ಜರ್ಮನಿ ಹಿಟ್ಲರನ ಕೈಸೇರಿತು. ೧೯೩೩ರ ಮೇ ೧೦ರಂದು ಬರ್ಲಿನ್ನಿನ ಚೌಕದಲ್ಲಿ ಪುಸ್ತಕಗಳನ್ನು ರಾಶಿಹಾಕಿ ಸುಟ್ಟಾಗ ಕೆಸ್ಟ್ನರ್ ಅವರ ಕೃತಿಗಳೂ ಬೆಂಕಿಗೆ ಬಿದ್ದವು. ಜನರ ನಡುವೆ ನಿಂತು ಅದನ್ನು ಅವರು ಕಣ್ಣಾರೆ ಕಂಡರು. ಜನಪ್ರಿಯವಾಗಿದ್ದ 'ಎಮಿಲ್' ಒಂದನ್ನು ಆಗ ಬಿಟ್ಟಿದ್ದರು. ಪುಸ್ತಕಕ್ಕೆ ಚಿತ್ರ ಬರೆದ ವಾಲ್ಟರ್ ಟ್ರೀರ್ ಯಹೂದಿ, ೧೯೩೬ರಲ್ಲಿ ಲಂಡನ್ನಿಗೆ ಹೊರಟುಹೋಗಬೇಕಾಯಿತು. ೧೯೩೧ರ ಚಲನಚಿತ್ರಕ್ಕೆ ಚಿತ್ರಕಥೆ ಬರೆದ ಬಿಲಿ ವೈಲ್ಡರ್ ಕೂಡ ದೇಶ ಬಿಟ್ಟರು. ಆ ಚಿತ್ರದಲ್ಲಿ ಎಮಿಲನಾಗಿ ನಟಿಸಿದ ಹುಡುಗ ರೋಲ್ಫ್ ವೆಂಕ್‌ಹೌಸ್ ಬೆಳೆದು ಬಾಂಬರ್ ವಿಮಾನದ ಸೈನಿಕನಾಗಿ ೧೯೪೨ರಲ್ಲಿ ಸತ್ತ. ಪ್ರಮಾಣಕ್ಕಾಗಿ ಕಾಯುವ ಮಕ್ಕಳ ದಂಡಿನ ಚಿತ್ರವನ್ನು ಲೇಖಕರು ಕಟ್ಟಿಕೊಟ್ಟ ಅದೇ ಬೀದಿಗಳಲ್ಲಿ, ಪ್ರಮಾಣವನ್ನೇ ಕೇಳದ ದೊಡ್ಡವರ ದಂಡು ಬಂದು ನಿಂತಿತು. ಒಳ್ಳೆಯ ಪುಸ್ತಕವೊಂದು ದೇಶವನ್ನು ಕಾಪಾಡುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಯುದ್ಧಾನಂತರ ಮತ್ತೆ ಓದುವುದಕ್ಕೆ ಆ ಪುಸ್ತಕ ಉಳಿದಿತ್ತು. ೧೯೬೦ರಲ್ಲಿ ಕೆಸ್ಟ್ನರ್ ಅವರಿಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕವೂ ಸಂದಿತು.

ನನಗೆ ಬಹಳ ಇಷ್ಟವಾದ ಪಾತ್ರವನ್ನು ಹೇಳದೆ ಮುಗಿಸಲಾರೆ. ಮಂಗಳವಾರ ಎಂಬ ಅರ್ಥದ ಹೆಸರಿನ ಒಬ್ಬ ಪುಟ್ಟ ಹುಡುಗನಿದ್ದಾನೆ. ಅವನ ಮನೆಯಲ್ಲಿ ದೂರವಾಣಿಯಿದೆ. ಎಲ್ಲರೂ ಕಳ್ಳನ ಹಿಂದೆ ಓಡುವಾಗ ಅವನು ಮನೆಯಲ್ಲೇ ಕೂತು ಬಂದ ಸುದ್ದಿಯನ್ನು ಪಡೆದು ಬೇರೆಯವರಿಗೆ ತಲಪಿಸಬೇಕು. ಅವನಿಗೂ ಬೀದಿಗೆ ಓಡುವ ಆಸೆ. ಆದರೂ ಒಪ್ಪಿಕೊಂಡ ಕೆಲಸವೆಂದು ಕದಲದೆ ಕೂರುತ್ತಾನೆ. ಕೊನೆಯಲ್ಲಿ ಅಜ್ಜಿ ಎಲ್ಲರೆದುರು ವಿಶೇಷವಾಗಿ ಹೊಗಳುವುದು ಅವನನ್ನೇ. ಇತ್ತೀಚಿನ ಮಕ್ಕಳಿಗೆ "ಮೊಬೈಲ್ ಇದ್ದರೆ ಇಷ್ಟೆಲ್ಲ ಬೇಡ ಮಾಷ್ಟ್ರೇ" ಎನ್ನಿಸುವುದು ಸಹಜ. ಆದರೆ ಬಂದ ಸುದ್ದಿಯನ್ನು ಏನನ್ನೂ ಸೇರಿಸದೆ, ಏನನ್ನೂ ಬಿಡದೆ, ತಲಪಬೇಕಾದವರಿಗೆ ಮಾತ್ರ ತಲಪಿಸುವವನು ಮೊಬೈಲಿನ ಕಾಲದಲ್ಲಿಯೇ ಹೆಚ್ಚು ಬೇಕಾದವನು ಎಂದು ನಾನು ಅವರಿಗೆ ಹೇಳುತ್ತಿದ್ದೆ.

ಈ ಎಲ್ಲ ಸಾಹಸದಿಂದ ಏನು ಪಾಠ ಕಲಿತೆವು ಎಂಬ ಮಾತು ಬಂದಾಗ, ಯಾರನ್ನೂ ನಂಬಬಾರದು ಎಂಬ ಉತ್ತರವನ್ನು ಅಜ್ಜಿ ತಳ್ಳಿಹಾಕಿ, ಹಣವನ್ನು ಮನಿಯಾರ್ಡರ್ ಮಾಡಿ ಕಳಿಸಬೇಕು, ಅಷ್ಟೇ ಎಂಬರ್ಥದ ಮಾತು ಹೇಳಿ ನಗಿಸುತ್ತಾಳೆ. ಮುಂಬಯಿಯ ಮನಿಯಾರ್ಡರಿನಲ್ಲಿ ಬೆಳೆದ ನಮ್ಮ ಊರುಗಳಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಉಂಟೇ? ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮೊಮ್ಮಕ್ಕಳಿದ್ದರೆ ಈ ಪುಸ್ತಕವನ್ನು ತಂದು ನೀವೇ ಗಟ್ಟಿಯಾಗಿ ಓದಿಹೇಳಿ. ಬ್ಯಾಂಕಿನ ಪ್ರಸಂಗ ಬಂದಾಗ ಪುಸ್ತಕವನ್ನು ಮಡಚಿಟ್ಟು, ಹಣ ತನ್ನದೆಂದು ಎಮಿಲ್ ಈಗ ಹೇಗೆ ತೋರಿಸಿಕೊಡಬಹುದು ಎಂದು ಕೇಳಿ. ಅವರು ಯೋಚಿಸಲಿ. ಉತ್ತರ ಹೇಳುವ ಅವಸರ ಬೇಡ.